ಕಾರಿಲ್ಲದ ಸಾಹೇಬರು

ದೋಹಾದಲ್ಲಿ ಕಾಲ್ನಡಿಗೆಯಲ್ಲಿ ಹೊರಟವನಿಗೆ ಏನಾದರೊಂದು ಆಗಿಯೇ ತೀರುತ್ತದೆ. ಹೊಟ್ಟೆ ಹಸಿದಿದ್ದರೆ ಎರಡಾಗುತ್ತದೆ. ನಮ್ಮ ಆಫೀಸಿನ ಸ್ಟೋರ್ ನೋಡಿಕೊಳ್ಳುತ್ತಿದ್ದ ಸಾಹೇಬರು ಬಂಟ್ವಾಳದ ಕಡೆಯವರು. ಮೂವತ್ತು ವರ್ಷದ ಕೆಲಸ ಮುಗಿಸಿ ಊರಿಗೆ ಹೊರಡಲು ಹದಿನೈದು ದಿನ ಇರುವಾಗ ಕಾರು ಮಾರಿದರು.

"ಈ ಬಿನ್ ಒಮ್ರಾನ್ ಪೇಟೆಯಲ್ಲಿ ತಿಂದದ್ದೆಲ್ಲ ಕಾರಲ್ಲಿ ಕೂತೇ ಮಾರಾಯ್ರೆ. ಒಮ್ಮೆ ನಡೆದುಕೊಂಡು ಹೋಗಿ ತಿನ್ನುವ. ಮತ್ತೆ ನಮ್ಮನ್ನು ಇಲ್ಲಿ ಯಾರು ನೆನಪಿಡ್ತಾರೆ?" ಎಂದರು. ಕೊನೆಯ ಮಾತನ್ನು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ನನ್ನ ಸರದಿಯೂ ದೂರವಿಲ್ಲ.

ಉಪಕಾರ

ಮೊದಲ ಸಂಜೆ ಹೊರಟದ್ದು ಸಮೋಸಾಕ್ಕೆ. ಎರಡು ಅಡ್ಡರಸ್ತೆ ದಾಟುವುದರೊಳಗೆ ಮೂರು ಟ್ಯಾಕ್ಸಿಗಳು ಹಾರ್ನ್ ಹೊಡೆದವು. ಇಲ್ಲಿ ನಡೆಯುವವನೆಂದರೆ ಕಾರು ಕೆಟ್ಟವನು, ಇಲ್ಲವೇ ಕೆಲಸ ಹೋದವನು. ನಾಲ್ಕನೆಯದು ನಮ್ಮೂರಿನವರೊಬ್ಬರ ಕಾರು.

"ಸಾಹೇಬ್ರೇ, ಈ ವಯಸ್ಸಲ್ಲಿ ನಡೆಯುದಾ? ಯಲ್ಲಾ, ಹತ್ತಿ!"

"ಇಲ್ಲ, ನಾವು ಸುಮ್ಮನೆ..."

"ನನ್ನ ಹತ್ರ ಎಂಥ ಸಂಕೋಚ?"

ನಮ್ಮ ಬಿಲ್ಡಿಂಗಿನ ಬಾಗಿಲಿಗೇ ತಂದು ಇಳಿಸಿದರು. ಅವರ ಮನಸ್ಸು ನೋಯಿಸಬಾರದೆಂದು ಮನೆಯೊಳಗೆ ಹೋಗಿ, ಕಾರು ಹೋದದ್ದನ್ನು ಕಿಟಕಿಯಿಂದ ನೋಡಿ, ಮತ್ತೆ ಹೊರಟೆವು. ಅಷ್ಟರಲ್ಲಿ ಸಮೋಸಾ ಖಲಾಸ್.

ಚೀನಾದ ಅಂಗಡಿ

ಮರುವಾರ ಚೀನಾದವನೊಬ್ಬನ ಸಣ್ಣ ಅಂಗಡಿ ಸಿಕ್ಕಿತು. ಹಿಟ್ಟನ್ನು ಕೈಯಲ್ಲೇ ಎಳೆದೆಳೆದು ನೂಡಲ್ಸ್ ಮಾಡುತ್ತಿದ್ದ. ಸಾಹೇಬರಿಗೆ ಆಸೆ, ಜೊತೆಗೇ ಅನುಮಾನ.

"ಹಲಾಲ್ ಹೌದಾ ಅಂತ ಕೇಳಬೇಕು. ಚೀನಾದವರು ಎಂಥೆಂಥದ್ದು ತಿಂತಾರೋ."

ಹಿಂದಿ, ಇಂಗ್ಲಿಷ್, ಅರಬ್ಬಿ ಮೂರರಲ್ಲೂ ಪ್ರಶ್ನೆ ಸಿದ್ಧ ಮಾಡಿಕೊಂಡರು. ಅಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೇಳಿಸಿತು. ಅಂಗಡಿಯವನು ಕೈತೊಳೆದು, ಬಿಳಿ ಟೋಪಿ ಹಾಕಿಕೊಂಡು ಹೊರಬಂದು ಸಲಾಂ ಹೇಳಿ, ಸಾಹೇಬರನ್ನೇ ಅನುಮಾನದಿಂದ ನೋಡುತ್ತ ಕೇಳಿದ: "ನಮಾಜಿಗೆ ಬರುವುದಿಲ್ಲವೇ?"

ಸಾಹೇಬರು ತಲೆ ತಗ್ಗಿಸಿ ಅವನ ಹಿಂದೆ ಹೋದರು. ಅಂಗಡಿ ನೋಡಿಕೊಳ್ಳುವಂತೆ ನನಗೆ ಕೈಸನ್ನೆಯಾಯಿತು. ಬಂದ ಗಿರಾಕಿಗಳನ್ನೆಲ್ಲ "ಐದೇ ನಿಮಿಷ" ಎಂದು ನಿಲ್ಲಿಸಿಕೊಂಡು ಇಪ್ಪತ್ತು ನಿಮಿಷ ಚೀನಾದ ವ್ಯಾಪಾರ ಕಾಪಾಡಿದವನು ನಾನು, ಮೊಟ್ಟೆಯನ್ನೂ ಮುಟ್ಟದ ಕಾರ್ಕಳದವನು.

ಸಕ್ಕರೆ ಇಲ್ಲದ ಚಾ

ಕೊನೆಯ ಸಂಜೆಗೆ ಉಳಿದದ್ದು ಚಾ. ಇಲ್ಲಿಯ ಚಾ ಅಂಗಡಿಗಳ ಎದುರು ಯಾರೂ ಕಾರಿನಿಂದ ಇಳಿಯುವುದಿಲ್ಲ. ಹಾರ್ನ್ ಹೊಡೆದು ಗಾಜನ್ನು ಒಂದು ಗೇಣು ಇಳಿಸಿದರೆ ಚಾ ಒಳಗೆ ಬರುತ್ತದೆ. ಅಲ್ಲಿ ಚಾ ಕೊಡುವ ಮಲಯಾಳಿ ಹದಿನೆಂಟು ವರ್ಷಗಳಿಂದ ಸಾಹೇಬರ ಬಿಳಿ ಕಾರು ಕಂಡೊಡನೆ ಸಕ್ಕರೆ ಇಲ್ಲದ ಚಾ ಹಿಡಿದು ಓಡಿ ಬರುತ್ತಿದ್ದ.

"ಅವನಿಗೊಂದು ಹೇಳಿ ಹೋಗಬೇಕು. ಇಡೀ ದೋಹಾದಲ್ಲಿ ಅವನಿಗಾದರೂ ನನ್ನ ಗುರುತುಂಟು" ಎಂದು ಸಾಹೇಬರು ಹಲ್ವದ ಪೊಟ್ಟಣ ಹಿಡಿದುಕೊಂಡು ಬಂದರು.

ಅವನು ನಮ್ಮನ್ನು ದಾಟಿಕೊಂಡೇ ಕಾರುಗಳಿಗೆ ಓಡಾಡಿದ. ಕೊನೆಗೆ ಸಾಹೇಬರೇ ತಡೆದು ನಿಲ್ಲಿಸಿದರು. "ಗುರುತು ಸಿಗಲಿಲ್ವಾ?"

"ನಿಮ್ಮ ಕಾರು ಎಲ್ಲಿ ನಿಲ್ಲಿಸಿದ್ದೀರಿ?"

ಸಾಹೇಬರ ಮುಖ ಸಣ್ಣದಾಯಿತು. "ಬಿಳಿ ಕಾರು... ಸಕ್ಕರೆ ಇಲ್ಲದ ಚಾ..."

"ಓ, ಅವರಾ! ಬಹಳ ಒಳ್ಳೆಯ ಮನುಷ್ಯ. ನಿನ್ನೆಯೂ ಬಂದಿದ್ದರು!"

ಅಷ್ಟರಲ್ಲಿ ಹಾರ್ನ್ ಕೇಳಿಸಿತು. ಅದೇ ಬಿಳಿ ಕಾರು. ಅವನು ಮಾತು ಅಲ್ಲಿಗೇ ಬಿಟ್ಟು ಚಾ ಹಿಡಿದು ಓಡಿದ. ಒಳಗಿದ್ದವನು ಸಾಹೇಬರಿಂದ ಕಾರು ಕೊಂಡ ಕಾಸರಗೋಡಿನವನು. ಒಂದು ಗುಟುಕು ಕುಡಿದು ಕೂಗಿದ: "ಹತ್ತು ದಿನದಿಂದ ಹೇಳ್ತಾ ಇದ್ದೇನೆ, ಸಕ್ಕರೆ ಹಾಕು!"

"ನಿಮಗೆ ಶುಗರ್ ಉಂಟು ಸಾರ್," ಚಾದವನು ತಾಯಿಯಂತೆ ಸಮಾಧಾನ ಹೇಳಿದ. "ಹದಿನೆಂಟು ವರ್ಷದಿಂದ ನನಗೆ ಗೊತ್ತಿಲ್ವಾ?"

ಸಾಹೇಬರು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆಮೇಲೆ ಕಾರಿನ ಹತ್ತಿರ ಹೋಗಿ, ಗಾಜಿನ ಸಂದಿಯಿಂದ ಹಲ್ವದ ಪೊಟ್ಟಣವನ್ನು ಒಳಗೆ ಹಾಕಿದರು.

"ಇಟ್ಟುಕೊಳ್ಳಿ ಮಾರಾಯ್ರೆ. ಈ ಕಾರು ಇರುವವರೆಗೆ ಇವನು ನಿಮಗೆ ಸಕ್ಕರೆ ಕೊಡುವುದಿಲ್ಲ."