ಕಣ್ಣಿಗೊತ್ತಿಕೊಂಡ ಸಿಗಾರು

ಯಾರು ಏನು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುವುದು ನನ್ನ ಹುಟ್ಟುಗುಣ. ದೇವಸ್ಥಾನದ ಹೂವಿಗೆ, ಪ್ರಸಾದಕ್ಕೆ ಇದು ಸರಿ. ಮದುವೆಯ ಕರೆಯೋಲೆಗೂ ಸರಿ ಎನ್ನೋಣ. ಆದರೆ ನಾನು ಹೊಸ ವರ್ಷದ ಕ್ಯಾಲೆಂಡರನ್ನು ಒತ್ತಿಕೊಂಡಿದ್ದೇನೆ, ದರ್ಜಿ ಹೊಲಿದುಕೊಟ್ಟ ಪ್ಯಾಂಟನ್ನು ಒತ್ತಿಕೊಂಡಿದ್ದೇನೆ, ಒಮ್ಮೆ ಸಿಟಿ ಬಸ್ಸಿನ ಟಿಕೆಟ್ಟನ್ನೂ ಒತ್ತಿಕೊಂಡು, "ಇದ್ರಲ್ಲಿ ಪುಣ್ಯ ಬರಲ್ಲ ಸಾರ್, ಮುಂದಕ್ಕೆ ಹೋಗಿ" ಎಂದು ಕಂಡಕ್ಟರಿಂದ ಅನ್ನಿಸಿಕೊಂಡಿದ್ದೇನೆ. ನನ್ನ ಕೈ ಮನಸ್ಸನ್ನು ಕೇಳುವುದೇ ಇಲ್ಲ. ಏನೋ ಒಂದು ಸಿಕ್ಕಿತೋ, ತಾನಾಗಿ ಮೇಲೇಳುತ್ತದೆ. ಈ ಅಭ್ಯಾಸದಿಂದ ಇಷ್ಟು ವರ್ಷ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಮಗಳ ಮದುವೆಯ ಮಾತುಕತೆ ಶುರುವಾದ ಮೇಲೆ ಮಾತ್ರ ಅದು ನನ್ನನ್ನು ಎಲ್ಲಿಂದ ಎಲ್ಲಿಗೋ ಕರೆದುಕೊಂಡು ಹೋಯಿತು.

ನಮ್ಮ ಮಗಳು ಮೇಘಾ ತಾನೇ ಹುಡುಗನನ್ನು ನೋಡಿಕೊಂಡಳು. ಹುಡುಗ ಹಲ್ಲಿನ ಡಾಕ್ಟರು, ನಗುಮುಖದವನು, ನಮಗೆ ತಕರಾರಿರಲಿಲ್ಲ. ತಕರಾರು ಇದ್ದದ್ದು ಅವನ ತಂದೆಗೆ ಎಂದು ಕೇಳಿದ್ದೆವು. ಅವರು ಸೈನ್ಯದಿಂದ ನಿವೃತ್ತರಾದ ಕರ್ನಲ್, ಗೋಕುಲಂನಲ್ಲಿ ಮನೆ. ನಮ್ಮ ಜಾತಿ ಬೇರೆ, ಅವರದು ಬೇರೆ. ನಮ್ಮ ಊಟ ಬೇರೆ, ಅವರದು ಬೇರೆ. ಬೇಡ ಎಂದು ಅವರು ಹೇಳಿರಲಿಲ್ಲ. ಹೂಂ ಎಂದೂ ಹೇಳಿರಲಿಲ್ಲ. ಬನ್ನಿಮಂಟಪದ ನಮ್ಮ ಮನೆಯಿಂದ ಹಣ್ಣು ಹೂವು ತೆಗೆದುಕೊಂಡು, ನಾನು, ನನ್ನ ಹೆಂಡತಿ ವಿಶಾಲಾಕ್ಷಿ, ಮೇಘಾ ಮೂವರೂ ಒಂದು ಭಾನುವಾರ ಅವರ ಮನೆಗೆ ಹೋದೆವು. ಹೆಂಗಸರಿಬ್ಬರೂ ಉಪ್ಪಿನಕಾಯಿಯ ವಿಷಯ ಹಿಡಿದು ಹತ್ತೇ ನಿಮಿಷದಲ್ಲಿ ಅಕ್ಕತಂಗಿಯರಾದರು. ನಾನು ಕರ್ನಲ್ಲರ ಹತ್ತಿರ ಮಳೆಯ ಮಾತೆತ್ತಿದೆ. ಅವರು "ಹೂಂ" ಎಂದರು. ಕನ್ನಂಬಾಡಿಯ ನೀರಿನ ಮಟ್ಟ ಹೇಳಿದೆ, "ಹೂಂ". ಗೋಕುಲಂ ತುಂಬ ಯೋಗ ಕಲಿಯಲು ಬಂದ ಬಿಳಿಯರು ಎಂದೆ. ಅದಕ್ಕೆ ಹೂಂ ಕೂಡ ಬರಲಿಲ್ಲ. ಮೇಘಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಆಗ ಅವರು ಪಕ್ಕದ ಮೇಜಿನಿಂದ ಮರದ ಪೆಟ್ಟಿಗೆಯೊಂದನ್ನು ತೆಗೆದರು. ಒಳಗೆ ಸಿಗಾರುಗಳು ಶಿಸ್ತಾಗಿ ಮಲಗಿದ್ದವು. ಒಂದನ್ನು ಆರಿಸಿ ನನ್ನ ಮುಂದೆ ಚಾಚಿದರು. ನಾನು ಜನ್ಮದಲ್ಲಿ ಬೀಡಿ ಸೇದಿದವನಲ್ಲ. ಆದರೆ ಕೊಡುತ್ತಿರುವವರು ಬೀಗರಾಗಬೇಕಾದವರು! ಬೇಡ ಎನ್ನುವುದು ಹೇಗೆ ಎಂದು ಯೋಚಿಸುವಷ್ಟರಲ್ಲಿ ನನ್ನ ಕೈಗಳು ತಮ್ಮ ಕೆಲಸ ಮುಗಿಸಿದ್ದವು. ಎರಡೂ ಕೈಯಲ್ಲಿ ತೆಗೆದುಕೊಂಡೆ, ಎಡಗಣ್ಣಿಗೊಮ್ಮೆ, ಬಲಗಣ್ಣಿಗೊಮ್ಮೆ ಒತ್ತಿಕೊಂಡೆ, ಮಂತ್ರಾಕ್ಷತೆಯನ್ನು ಇಟ್ಟುಕೊಳ್ಳುವಂತೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ವಿಶಾಲು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಕರ್ನಲ್ಲರು ಎದ್ದು ನಿಂತರು. ನಾನೂ ಹೆದರಿ ಎದ್ದೆ. "ಎಷ್ಟೋ ಜನಕ್ಕೆ ಕೊಟ್ಟಿದೀನಿ ಬೀಗರೇ," ಎಂದರು. "ಕೆಲವರು ಬೀಡಿ ಥರ ಬಾಯಿಗೆ ಸಿಕ್ಕಿಸ್ಕೊಂಡ್ರು. ಒಬ್ಬರು ಕಿವಿ ಮೇಲೆ ಇಟ್ಕೊಂಡ್ರು. ಅದಕ್ಕೆ ಕೊಡಬೇಕಾದ ಮರ್ಯಾದೆ ಕೊಟ್ಟೋರು ನೀವೊಬ್ರೇ. ನಿಮಗೆ ಗೊತ್ತಿದೆ." ಏನು ಗೊತ್ತಿದೆ ಎಂದು ನಾನು ಕೇಳಲಿಲ್ಲ. ಬೀಗರೇ ಎಂದು ಕರೆದರಲ್ಲ, ಆ ಖುಷಿಯಲ್ಲಿದ್ದೆ. ನಿಶ್ಚಿತಾರ್ಥದ ದಿನವನ್ನು ಅವರೇ ಗೊತ್ತುಮಾಡಿದರು. "ಒಂದು ಷರತ್ತು. ಆವತ್ತು ಸಂಜೆಯ ಸಿಗಾರು ನೀವೇ ಆರಿಸಿ ತರಬೇಕು. ನಿಮ್ಮ ಟೇಸ್ಟ್ ನೋಡೋಣ." ವಾಪಸು ಬರುವಾಗ ಮೇಘಾ ನನ್ನ ತೋಳು ಹಿಡಿದುಕೊಂಡಳು. "ಅಪ್ಪಾ, ಅವರು ಇಷ್ಟು ಮಾತಾಡಿದ್ದು ನಾನು ನೋಡೇ ಇಲ್ಲ. ದಯವಿಟ್ಟು ಕೆಡಿಸ್ಬೇಡ ಕಣಪ್ಪ."

ಅಂದು ಕರ್ನಲ್ಲರು ತಮ್ಮ ಸಿಗಾರು ಹಚ್ಚಿದ ರೀತಿಯನ್ನು ಇಲ್ಲಿ ಹೇಳಲೇಬೇಕು. ಮೊದಲು ಅದನ್ನು ಬೆರಳಲ್ಲಿ ಮೆಲ್ಲಗೆ ಅದುಮಿ, ಕಿವಿಯ ಹತ್ತಿರ ಹಿಡಿದು, ಮೂಗಿನ ಕೆಳಗೆ ಎಳೆದರು. ತುದಿಯ ಟೊಪ್ಪಿಗೆಯಷ್ಟನ್ನೇ ಪುಟ್ಟ ಕತ್ತರಿಯಲ್ಲಿ ತೆಗೆದರು. ಉದ್ದನೆಯ ಕಡ್ಡಿ ಗೀರಿ, ಕೆಂಡದ ಮೇಲೆ ಹಪ್ಪಳ ಸುಡುವವರ ಹಾಗೆ ಇನ್ನೊಂದು ತುದಿಯನ್ನು ಬೆಂಕಿಗೆ ತಾಗಿಸದೆ ತಿರುಗಿಸಿ ತಿರುಗಿಸಿ ಕಾಯಿಸಿದರು. ಅದು ಹೊತ್ತಿಕೊಂಡ ಮೇಲೆ ಹೊಗೆಯನ್ನು ನುಂಗಲಿಲ್ಲ, ಬಾಯಲ್ಲೇ ಇರಿಸಿಕೊಂಡು ಕಣ್ಣು ಮುಚ್ಚಿದರು. ಬೂದಿ ಬೆರಳುದ್ದ ಬೆಳೆದರೂ ಬೀಳಲಿಲ್ಲ. ಸುಡುವ ಒಂದು ಎಲೆಯ ಮುಂದೆ ಮನುಷ್ಯ ಇಷ್ಟು ತಾಳ್ಮೆಯಿಂದ ಕೂರಬಹುದೆಂದು ನನಗೆ ಗೊತ್ತಿರಲಿಲ್ಲ. ನಾನು ನಿಜವಾಗಿಯೂ ಬೆರಗಾಗಿಹೋದೆ. ಸಂಧ್ಯಾವಂದನೆಯನ್ನು ನಾನು ಇದರ ಕಾಲುಭಾಗ ಶ್ರದ್ಧೆಯಿಂದ ಮಾಡಿದ್ದರೂ ಈ ಹೊತ್ತಿಗೆ ಏನೋ ಒಂದು ಸಿದ್ಧಿಸಿರುತ್ತಿತ್ತು.

ನನ್ನ ಉದ್ಯೋಗ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವುದು. ಬೋಲ್ಟು, ಬುಷ್ಷು, ಬೇರಿಂಗು ಯಾವುದೂ ನಾನು ಅಳೆಯದೆ ಹೊರಗೆ ಹೋಗುವುದಿಲ್ಲ. ಆದ್ದರಿಂದ ಆರಿಸುವುದು ನನಗೇನು ಹೊಸದೇ ಎಂಬ ಧೈರ್ಯದಲ್ಲಿ ಸಿಗಾರಿನ ಅಂಗಡಿಗೆ ಹೋದೆ. ಅಂಗಡಿಯಾತ, "ಮೈಲ್ಡಾ, ಮೀಡಿಯಮ್ಮಾ, ಫುಲ್ ಬಾಡಿನಾ ಸಾರ್?" ಎಂದು ಕೇಳಿದ. ಫುಲ್ ಬಾಡಿ ಎಂದರೆ ನಾನು ಈವರೆಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುವುದು ಎಂದು ತಿಳಿದಿದ್ದೆ. ಹೊಸಬ ಎಂಬುದು ಅವನಿಗೆ ಅರ್ಥವಾಗಿ, "ಮೈಲ್ಡಿಂದ ಶುರು ಮಾಡಿ, ಊಟ ಆದ್ಮೇಲೆ ಸೇದಿ, ಒಳಗೆ ಎಳ್ಕೋಬೇಡಿ, ಬಾಯಲ್ಲೇ ರುಚಿ ನೋಡಿ" ಎಂದು ಉಪದೇಶ ಮಾಡಿ, ನಾಲ್ಕು ಬಗೆಯನ್ನು ಒಂದೊಂದರಂತೆ ಕಟ್ಟಿಕೊಟ್ಟ. ಪ್ರತಿಯೊಂದರ ಜೊತೆ ಅದರ ರುಚಿ ಬರೆದ ಚೀಟಿ. ಸಿಗಾರಿನ ದಪ್ಪವನ್ನು ಇಂಚಿನ ಅರವತ್ತನಾಲ್ಕನೇ ಭಾಗದ ಲೆಕ್ಕದಲ್ಲಿ ಹೇಳುತ್ತಾರೆ ಎಂದೂ ತಿಳಿಸಿದ. ಆ ಮಾತು ಕೇಳಿ ನನಗೆ ತವರಿಗೆ ಬಂದಂತಾಯಿತು. ಮನೆಗೆ ಬಂದವನೇ ವರ್ನಿಯರ್ ಕ್ಯಾಲಿಪರ್ ತೆಗೆದು ನಾಲ್ಕನ್ನೂ ಅಳೆದೆ. ಎಲ್ಲವೂ ಸರಿಯಾಗಿದ್ದವು. ಪಾಸು ಮಾಡಿ ಮುದ್ರೆ ಒತ್ತುವುದೊಂದೇ ಉಳಿದಿತ್ತು.

ರುಚಿಯನ್ನು ಅಳೆಯಲು ಮಾತ್ರ ನನ್ನಲ್ಲಿ ಯಾವ ಉಪಕರಣವೂ ಇರಲಿಲ್ಲ. ನನ್ನ ಮೂಗು ಇರುವುದು ಕನ್ನಡಕ ಹೊರುವುದಕ್ಕೆ. ಸಂಜೆ ಊಟ ಬೇಗ ಮುಗಿಸಿ ತಾರಸಿಗೆ ಹೋಗಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಕುರ್ಚಿ ಹಾಕಿಕೊಂಡು, ಮೊದಲನೆಯದನ್ನು ಹಚ್ಚಿದೆ. ಹೊಗೆಯನ್ನು ಬಾಯಲ್ಲಿ ತುಂಬಿಕೊಂಡು ಕರ್ನಲ್ಲರ ಹಾಗೆಯೇ ಕಣ್ಣು ಮುಚ್ಚಿದೆ. ಹೊಗೆಯ ರುಚಿ ಬಂತು. ಇನ್ನೊಮ್ಮೆ ಎಳೆದೆ. ಇನ್ನಷ್ಟು ಹೊಗೆಯ ರುಚಿ ಬಂತು. ಮೂರನೆಯ ಸಲ ತಾರಸಿ ಮೆಲ್ಲಗೆ ಎಡಕ್ಕೆ ತಿರುಗಿತು. ಎರಡನೆಯ ಬಗೆಯ ಚೀಟಿಯಲ್ಲಿ 'ಹಳೆಯ ಚರ್ಮ, ಒದ್ದೆ ಮಣ್ಣು' ಎಂದಿತ್ತು. ನಮ್ಮ ವಂಶದಲ್ಲಿ ಹಳೆಯದಾಗಲಿ ಹೊಸದಾಗಲಿ ಚರ್ಮ ತಿಂದವರು ಯಾರೂ ಇಲ್ಲ, ರುಚಿ ಗೊತ್ತಾಗುವುದಾದರೂ ಹೇಗೆ? ಮರುದಿನ ನಾನು ಬಾಗಿಲ ಬಳಿ ಕುಳಿತು ನನ್ನ ಚಪ್ಪಲಿಯೊಳಗೆ ಮೂಗಿಟ್ಟು ದೀರ್ಘವಾಗಿ ಉಸಿರೆಳೆಯುತ್ತಿದ್ದಾಗ ವಿಶಾಲು ಸ್ಕೂಲಿನಿಂದ ಬಂದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ತಪ್ಪು ಉತ್ತರಗಳನ್ನು ನೋಡಿ ನೋಡಿ ಅಭ್ಯಾಸವಾದವಳು. ಒಂದು ಕ್ಷಣ ನಿಂತು, "ಮುಗಿಸ್ಕೊಂಡು ಒಳಗ್ಬನ್ನಿ, ಕಾಫಿ ಮಾಡ್ತೀನಿ" ಎಂದು ಹೋದಳು.

ನಿಶ್ಚಿತಾರ್ಥ ಹತ್ತಿರ ಬಂತು. ನನ್ನ ನಾಲಗೆ ಒಂದಿಂಚೂ ಮುಂದೆ ಹೋಗಲಿಲ್ಲ. ಮೂರನೆಯ ಸಿಗಾರನ್ನು ಹಚ್ಚಿದ ಸಂಜೆ ವಿಶಾಲು ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಬಂದಳು. ಸೀರೆ ಮಡಿಸುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು. "ಇವತ್ತಿಂದು ವಾಸಿ. ಕಡ್ಲೇಬೀಜ ಒಂಚೂರು ಜಾಸ್ತಿ ಹುರ್ದಂಗಿದೆ. ಅದರ ಹಿಂದೆ ಹೊಸ ಪೆನ್ಸಿಲ್ ಚೂಪು ಮಾಡಿದ ವಾಸನೆ. ಕೊನೇಲಿ ಬೆಲ್ಲದ ಪಾಕ ಇನ್ನೇನು ತಳ ಹಿಡೀಬೇಕು ಅನ್ನೋ ಹಂಗೆ. ಮೊನ್ನೆದು ಬರೀ ಘಾಟು ಕಣ್ರೀ, ಅದನ್ನ ಅವರಿಗೆ ಕೊಡ್ಬೇಡಿ." ನಾನು ಜೇಬಿನಿಂದ ಚೀಟಿ ತೆಗೆದೆ. 'ಹುರಿದ ಬೀಜ, ದೇವದಾರು, ಕಾಯಿಸಿದ ಸಕ್ಕರೆ' ಎಂದು ಬರೆದಿತ್ತು. ಪೆನ್ಸಿಲ್ಲು ಮಾಡುವುದೂ ದೇವದಾರು ಮರದಲ್ಲೇ. ನನ್ನ ಮೈ ಜುಮ್ಮೆಂದಿತು. ಸುಮ್ಮನೆ ಅಲ್ಲ, ನಿಜಕ್ಕೂ ತೋಳಿನ ಕೂದಲು ನಿಮಿರಿತು. ಆತುರದಲ್ಲಿ ನಾಲ್ಕನೆಯದನ್ನೂ ಹಚ್ಚಿದೆ. ಅವಳು ಗಾಳಿಯನ್ನು ಒಮ್ಮೆ ಮೂಸಿ, "ಮೆಣಸು. ಆಮೇಲೆ ಕಾಫಿ ಬೀಜ. ಆದ್ರೆ ಎರಡೂ ಜಗಳ ಆಡ್ತಾ ಇವೆ" ಎಂದಳು. ಚೀಟಿಯಲ್ಲಿ ಜಗಳದ ವಿಷಯ ಇರಲಿಲ್ಲ, ಮಿಕ್ಕದ್ದೆಲ್ಲ ಇತ್ತು.

"ನಿನಗೆ ಹೇಗೆ ಗೊತ್ತಾಗುತ್ತೆ ವಿಶಾಲು?" ಎಂದು ಕೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವಳಿಗೆ ನಗು ಬಂತು. "ಅಲ್ಲಾ ರೀ, ನೀವು ಬಾಯಲ್ಲಿ ಹುಡುಕ್ತಾ ಇದೀರಿ. ನಮ್ಮನೇಲಿ ನೈವೇದ್ಯ ಆಗೋವರೆಗೂ ಅಡುಗೆ ರುಚಿ ನೋಡೋ ಹಂಗಿರ್ಲಿಲ್ಲ. ಅಮ್ಮ ನನ್ನನ್ನ ಅಡುಗೆಮನೆ ಬಾಗಿಲಲ್ಲಿ ನಿಲ್ಸಿ, 'ಉಪ್ಪು ಬಿದ್ದಿದೆಯೇನೇ?' ಅಂತ ಕೇಳೋಳು. ಉಪ್ಪು ಬಿದ್ದ ಸಾರಿನ ವಾಸನೆ ಬೇರೆ, ಬೀಳದ ಸಾರಿನ ವಾಸನೆ ಬೇರೆ. ತಪ್ಪು ಹೇಳಿದ್ರೆ ದೇವರಿಗೂ ಸಪ್ಪೆ, ಅಪ್ಪನಿಗೂ ಸಪ್ಪೆ. ಹೆದರ್ಕೊಂಡೇ ಕಲಿತ್ಬುಟ್ಟೆ." ಇಷ್ಟು ಹೇಳಿ ಬಟ್ಟೆಯ ರಾಶಿ ಎತ್ತಿಕೊಂಡು ಇಳಿದು ಹೋದಳು.

ನಾನು ಅಲ್ಲೇ ಕುಳಿತೆ. ಚಾಮುಂಡಿ ಬೆಟ್ಟದ ದೀಪಗಳು ಹತ್ತಿದ್ದವು. ಮದುವೆಯಾದಾಗಿನಿಂದ ಇವಳ ಕೈಯ ಸಾರು ಉಣ್ಣುತ್ತಿದ್ದೇನೆ. ಹಬ್ಬದ ದಿನ, ವ್ರತದ ದಿನ, ಎಂದಾದರೂ ಉಪ್ಪು ಹೆಚ್ಚು ಕಡಿಮೆಯಾದ ನೆನಪಿಲ್ಲ. ಅದು ನನ್ನ ಅದೃಷ್ಟ ಎಂದುಕೊಂಡಿದ್ದೆ. ಒಂದು ತೊಟ್ಟೂ ನಾಲಗೆಗೆ ತಾಗಿಸದೆ, ಬರೀ ಆವಿಯನ್ನು ಓದಿ, ಒಬ್ಬಳು ಇಡೀ ಪಾತ್ರೆಯ ಹದವನ್ನು ಹೇಳುತ್ತಾಳೆ! ಅಂಥವಳ ಎದುರು ಕುಳಿತು ನಾನು ಇಷ್ಟು ವರ್ಷ ಪೇಪರು ಓದುತ್ತಾ ಉಂಡಿದ್ದೇನೆ. ಕರ್ನಲ್ಲರನ್ನು ನೋಡಿ ಆದ ಬೆರಗು ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಸ್ವಲ್ಪ ಹೆಮ್ಮೆಯೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ಅಂಗಡಿಗೆ ಹೋಗಿ ಅವಳು ವಾಸಿ ಎಂದದ್ದನ್ನೇ ಒಂದು ಪೆಟ್ಟಿಗೆ ತಂದೆ.

ನಿಶ್ಚಿತಾರ್ಥ ನಮ್ಮ ಮನೆಯಲ್ಲಿ ಸಾಂಗವಾಗಿ ನಡೆಯಿತು. ಊಟವಾದ ಮೇಲೆ ಎರಡೂ ಮನೆಯವರು ತಾರಸಿಯಲ್ಲಿ ಗಾಳಿಗೆ ಕುಳಿತರು. ಕರ್ನಲ್ಲರು ಅಂದು ಗರಿಗರಿ ಕೋಟು ಹಾಕಿದ್ದರು. ನಾನು ಪೆಟ್ಟಿಗೆ ತೆಗೆಯಲು ಹೋದರೆ ಅವರು ಕೈಯೆತ್ತಿ ತಡೆದು, ಒಳಜೇಬಿನಿಂದ ಒಂದೇ ಒಂದು ಸಿಗಾರು ತೆಗೆದರು. "ಇದನ್ನ ಮಗನಿಗೆ ಮದುವೆ ಗೊತ್ತಾದ ದಿನಕ್ಕೆ ಅಂತ ವರ್ಷಗಟ್ಟಲೆ ಇಟ್ಟಿದ್ದೆ. ಮೊದಲು ನೀವು ನೋಡಿ ಹೇಳಬೇಕು ಬೀಗರೇ." ಎಲ್ಲರೂ ನನ್ನತ್ತ ತಿರುಗಿದರು. ಮೇಘಾಳ ಬೆರಳು ಸೆರಗಿನ ತುದಿ ಸುತ್ತತೊಡಗಿತು. ನಾನು ಕಣ್ಣಿಗೊತ್ತಿಕೊಂಡೆ, ಮೂಸಿದೆ. ಏನೂ ತಿಳಿಯಲಿಲ್ಲ. "ಬಹಳ ಚೆನ್ನಾಗಿದೆ" ಎಂದೆ. ಬೀಗರು ಕೊಟ್ಟದ್ದನ್ನು ಹಾಗಲ್ಲದೆ ಇನ್ನು ಹೇಗೆ ಹೇಳುತ್ತಾರೆ?

ವಿಶಾಲು ತಾಂಬೂಲದ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದಳು. "ಹಚ್ಬೇಡಿ, ಅದು ಕೆಟ್ಟೋಗಿದೆ" ಎಂದಳು. "ತಪ್ಪು ತಿಳ್ಕೋಬೇಡಿ. ಅದನ್ನ ನುಸಿಗುಳಿಗೆ ಜೊತೆ ಇಟ್ಟಿದ್ರಾ? ನಿಮ್ಮ ಕೋಟಲ್ಲೂ ಅದೇ ವಾಸನೆ ಇದೆ, ಅದಕ್ಕೇ ನಿಮಗೆ ಗೊತ್ತಾಗ್ತಿಲ್ಲ."

ಕರ್ನಲ್ಲರ ಮುಖ ಕೆಂಪಾಯಿತು. ಮದುವೆ ಮುರಿಯಿತು, ಇನ್ನು ಮೇಘಾಳಿಗೆ ಏನು ಹೇಳಲಿ ಎಂದು ನಾನು ಎದೆ ಹಿಡಿದುಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರುಮಾಡಿದರು. "ಇವರ ಕೋಟಿನ ಟ್ರಂಕಿಗೆ ವರ್ಷಾ ವರ್ಷಾ ನುಸಿಗುಳಿಗೆ ಹಾಕ್ತಿರೋಳು ನಾನೇ. ಕೋಟು ಮಾತ್ರ ಇದೆ ಅಂದ್ಕೊಂಡಿದ್ದೆ!" ಕರ್ನಲ್ಲರು ಸಿಗಾರನ್ನು ಮೂಸಿದರು. ಕೋಟು ಕಳಚಿಟ್ಟು, ದೂರ ಹೋಗಿ ಮತ್ತೆ ಮೂಸಿದರು. ಆಮೇಲೆ ವಿಶಾಲಾಕ್ಷಿಯ ಮುಂದೆ ಬಂದು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಮೇಘಾ ಅಳುತ್ತಾ ನಗುತ್ತಾ ಹೋಗಿ ಅವರ ಪಕ್ಕದಲ್ಲಿ ನಿಂತಳು. ನಾನು ತಂದ ಪೆಟ್ಟಿಗೆಯಿಂದ ಅವರು ಒಂದನ್ನು ತೆಗೆದು ಹಚ್ಚಿ, ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತು, "ಇದನ್ನ ಆರಿಸಿದ್ದು ನೀವಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದರು. "ಅಲ್ಲ" ಎಂದೆ. ಆ ಸಂಜೆ ನಾನಾಡಿದ ಮಾತಿನಲ್ಲಿ ಸರಿಯಾದದ್ದು ಅದೊಂದೇ.

ಮದುವೆ ಮುಗಿದಿದೆ. ಈಗ ಕರ್ನಲ್ಲರು ಭಾನುವಾರವಾದರೆ ಹೊಸ ಸಿಗಾರು ಹಿಡಿದು ನಮ್ಮ ತಾರಸಿಗೆ ಬರುತ್ತಾರೆ. ಬೀಗಿತ್ತಿಯ ಅಭಿಪ್ರಾಯವಿಲ್ಲದೆ ಅವರು ಏನನ್ನೂ ಕೊಳ್ಳುವುದಿಲ್ಲ. ಹತ್ತಿರ ಕೂತು ಸೇದುವವರ ಉಸಿರು ಸೇರಿದರೆ ತೀರ್ಪು ಕೆಡುತ್ತದೆಯಂತೆ, ಅದಕ್ಕೆ ಅವರು ವಿಶಾಲುವಿನ ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ. ಗಾಳಿ ಬರುವ ಕಡೆ, ದೂರದ ಮೂಲೆಯಲ್ಲಿ, ಹಚ್ಚಿದ ಸಿಗಾರು ಹಿಡಿದು ಅಲ್ಲಾಡದೆ ಕೂರುವ ಕೆಲಸ ನನ್ನದು. "ಒಂಚೂರು ಎಡಕ್ಕೆ ರೀ" ಎಂದರೆ ಎಡಕ್ಕೆ, "ಮೇಲೆ ಹಿಡೀರಿ" ಎಂದರೆ ಮೇಲೆ. ಅವರಿಬ್ಬರೂ ಕಣ್ಣು ಮುಚ್ಚಿಕೊಂಡು ಬೆಲ್ಲ, ಪೆನ್ಸಿಲ್ಲು, ಮೆಣಸು ಎಂದು ಮಾತಾಡಿಕೊಳ್ಳುತ್ತಿರುತ್ತಾರೆ. ಮೈಸೂರಿನ ಊದುಬತ್ತಿಯ ಘಮವನ್ನು ಊರೂರಿನವರು ಹೊಗಳುವುದನ್ನು ಕೇಳಿದ್ದೇನೆ. ಊದುಬತ್ತಿ ಸಿಕ್ಕಿಸುವ ಸ್ಟ್ಯಾಂಡನ್ನು ಯಾರಾದರೂ ಮಾತಾಡಿಸಿದ್ದನ್ನು ಈವರೆಗೆ ಕೇಳಿಲ್ಲ.