ಮ್ಯಾಚಿಂಗ್ ಸೆಂಟರಿನ ಮ್ಯಾಚು

ಶಿರಾದ ಸರ್ವಿಸ್ ರಸ್ತೆಯಲ್ಲಿರುವ ನಸ್ರುಲ್ಲಾನ ಅಂಗಡಿಯ ಹೆಸರು ಮ್ಯಾಚಿಂಗ್ ಸೆಂಟರ್. ಸೀರೆ ತಂದು ತೋರಿಸಿದರೆ ಸಾಕು, ಅದಕ್ಕೊಪ್ಪುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು ತೆಗೆದುಕೊಟ್ಟು ಅಲ್ಲೇ ಹೊಲಿದೂ ಕೊಡುತ್ತಿದ್ದ. ಹೋದ ವಾರದ ಗಾಳಿಗೆ ಇಂಗ್ಲಿಷ್ ಬೋರ್ಡಿನಲ್ಲಿ ‘ಮ್ಯಾಚಿಂಗ್’ನ ಕೊನೆಯ ಮೂರಕ್ಷರ ಉದುರಿ ಅಂಗಡಿ ಬರೀ ‘ಮ್ಯಾಚ್ ಸೆಂಟರ್’ ಆಗಿತ್ತು. ಅವನ್ನು ಅಂಟಿಸಿ ಎಂದು ಹೆಂಡತಿ ಶಾಹಜಾದಿ ದಿನಾ ಹೇಳುತ್ತಿದ್ದಳು. ನಸ್ರುಲ್ಲಾ ದಿನಾ "ಹೋ ಜಾಯೇಗಾ" ಅನ್ನುತ್ತಿದ್ದ. ಆಗಿಬಿಡುತ್ತೆ ಅನ್ನುವ ಆ ಒಂದು ಮಾತಿನ ಮೇಲೇ ಅವನ ಐವತ್ತೈದು ವರ್ಷ ಕಳೆದಿತ್ತು. ಯಾರಿಗೂ, ಯಾವುದಕ್ಕೂ ಆಗಲ್ಲ ಎಂದು ಹೇಳಿ ಅಭ್ಯಾಸವೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಆ ಬೋರ್ಡಿನ ಮುಂದೆ ದೊಡ್ಡದೊಂದು ಬಸ್ಸು ನಿಂತಿತು. ಅದರಿಂದ ಥಾಪಾ ಎಂಬ ಗಿಡ್ಡನೆಯ ಮನುಷ್ಯ ಇಳಿದು ಬಂದು, ಬೋರ್ಡು ಓದಿ ಆಟದ ಸಾಮಾನಿನ ಅಂಗಡಿ ಅಂದುಕೊಂಡೋ ಏನೋ, ಹದಿನಾರು ಫುಟ್‌ಬಾಲ್ ಜೆರ್ಸಿ ಬೇಕು ಅಂದ. ಅವನು ನೇಪಾಳ ತಂಡದ ಮ್ಯಾನೇಜರು. ಅಕ್ಕಪಕ್ಕದ ದೇಶಗಳ ಕಪ್ ಪಂದ್ಯಾವಳಿ ಅವರ ಊರಲ್ಲೇ ನಡೆಯಬೇಕಿತ್ತಂತೆ. ಅಲ್ಲಿ ಗಲಾಟೆ, ಕರ್ಫ್ಯೂ ಆಗಿ ಬೆಂಗಳೂರಿಗೆ ಬಂದಿತ್ತು. ವಿಮಾನ ನಿಲ್ದಾಣವೂ ಮುಚ್ಚಿದ್ದರಿಂದ ಹುಡುಗರು ಬಸ್ಸಲ್ಲಿ ಗಡಿ ದಾಟಿ, ರೈಲಲ್ಲಿ ಪುಣೆಗೆ ಬಂದು, ಅಲ್ಲಿಂದ ಈ ಬಸ್ಸು ಹಿಡಿದಿದ್ದರು. ಚಡ್ಡಿ, ಶೂ ಅವರವರ ಚೀಲದಲ್ಲಿದ್ದವು. ಜೆರ್ಸಿಯ ಮೂಟೆ ಮಾತ್ರ ಇಳಿಯದೆ ರೈಲಿನ ಜೊತೆ ಮುಂದೆ ಹೋಗಿತ್ತು. ಸಂಜೆ ಏಳೂವರೆಗೆ ಮಾಲ್ಡೀವ್ಸ್ ಮೇಲೆ ಮ್ಯಾಚು.

ಇದು ಹೆಂಗಸರ ಬ್ಲೌಸಿನ ಅಂಗಡಿ ಎಂದು ನಸ್ರುಲ್ಲಾ ಹೇಳಬಹುದಿತ್ತು. ಆದರೆ ಬಾಯಿ ಅದರಷ್ಟಕ್ಕೆ ಅದೇ "ಹೋ ಜಾಯೇಗಾ" ಅಂದುಬಿಟ್ಟಿತು.

ಪರದೆಯ ಹಿಂದೆ ಹುಕ್ಕು ಹಾಕುತ್ತಿದ್ದ ಶಾಹಜಾದಿಯ ಕೈ ನಿಂತಿತು. ಕೊರೋನಾ ಕಾಲದಲ್ಲಿ ಟಿವಿ ನೋಡಿ ಅವಳಿಗೆ ಫುಟ್‌ಬಾಲ್ ಹುಚ್ಚು ಹತ್ತಿತ್ತು. ಅಳತೆ ಕೊಡಲು ಬಂದವರಿಗೂ ಗುಂಡಿಗಳನ್ನು ಜೋಡಿಸಿ ಆಫ್‌ಸೈಡ್ ಅಂದರೆ ಏನೆಂದು ಪಾಠ ಹೇಳುತ್ತಿದ್ದಳು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಸ್ಟೇಡಿಯಂನಲ್ಲಿ ಕೂತು ಒಂದು ಮ್ಯಾಚು ನೋಡಬೇಕು ಅಂತ. ಅದಕ್ಕೂ ಅವನು ಹೋ ಜಾಯೇಗಾ ಅಂದು ನಾಲ್ಕು ವರ್ಷವಾಗಿತ್ತು. ಅವಳು ಗಂಡನ ತೋಳು ಜಗ್ಗಿ, ದುಡ್ಡು ಬೇಡ, ಎರಡು ಪಾಸು ಕೇಳಿ ಎಂದು ಪಿಸುಗುಟ್ಟಿದಳು. ಥಾಪಾ ಜೇಬಿಂದ ಎರಡು ಪಾಸು ತೆಗೆದು ಕೊಟ್ಟೇಬಿಟ್ಟ. ಅವಳು ಅವನ್ನು ಸೂಜಿ ಡಬ್ಬಿಯಲ್ಲಿಟ್ಟು ಮುಚ್ಚಳವನ್ನು ಎರಡೆರಡು ಸಲ ಒತ್ತಿ ನೋಡಿದಳು.

ಅಷ್ಟು ಕೆಂಪು ಬಟ್ಟೆ ಅಂಗಡಿಯಲ್ಲಿ ಒಂದೇ ಕಡೆ ಇತ್ತು. ಅದು ಮಹಿಳಾ ಸಂಘದ ಮೂವತ್ತು ಬ್ಲೌಸಿನದು. ಕತ್ತರಿ ಆಡಿಸಿ ಅರ್ಧ ಗಂಟೆಯಾಗಿರಲಿಲ್ಲ, ಸಂಘದ ಅಧ್ಯಕ್ಷೆ ಕಮಲಾಕ್ಷಮ್ಮನೇ ಬಾಗಿಲಲ್ಲಿ ನಿಂತಿದ್ದರು. ನಸ್ರುಲ್ಲಾ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ. ಆಕೆ ಬಸ್ಸಿನ ನೆರಳಲ್ಲಿ ಫೋನು ಕಿವಿಗಿಟ್ಟುಕೊಂಡು ಕೂತಿದ್ದ ಹುಡುಗರನ್ನು ನೋಡಿದರು.

"ಊರಲ್ಲಿ ಅಂಗಾಗೈತೆ, ಇವ್ರ ಅವ್ವಂದ್ರು ಎಂಗವ್ರೋ ಏನೋ. ತಗಳ್ಳಿ ಬುಡಿ ಸಾಹೇಬ್ರೇ. ನಮ್ದು ಸೋಮವಾರಕ್ಕಾದ್ರೂ ಆಯ್ತದಾ?"

ಅದಕ್ಕೂ ಹೋ ಜಾಯೇಗಾ.

ಬೀದಿಯ ಮೂರು ಮೆಷಿನ್ನುಗಳು ಒಟ್ಟಿಗೆ ಓಡತೊಡಗಿದವು. ಮೂವತ್ತು ವರ್ಷ ಬ್ಲೌಸು ಹೊಲಿದ ನಸ್ರುಲ್ಲಾನ ಕೈ ತನ್ನ ಚಾಳಿ ಬಿಡಲಿಲ್ಲ. ಮೊದಲ ಜೆರ್ಸಿಗೆ ಎದೆಯ ಹತ್ತಿರ ಎರಡು ಡಾಟಿನ ಮಡಿಕೆ, ಬೆನ್ನಿಗೆ ಐದು ಹುಕ್ಕು ಬಂದವು. ಅದನ್ನು ತೊಟ್ಟ ಹುಡುಗ ಪಾಪ, ಹಿಂದೆ ಕೈ ಹಾಕಿ ಹುಕ್ಕು ಹುಡುಕುತ್ತಾ ಗಾಣದೆತ್ತಿನಂತೆ ಸುತ್ತಿದ. ಶಾಹಜಾದಿ ಬೈದು, ಬಿಚ್ಚಿ, ಮತ್ತೆ ಹೊಲಿಸಿದಳು.

ಇನ್ನು ಅಂಕಿ ಬರೆಯಬೇಕು ಅನ್ನುವಷ್ಟರಲ್ಲಿ ಎದುರು ಮನೆಯ ನಿವೃತ್ತ ಕನ್ನಡ ಮೇಷ್ಟರು ನಂದೀಶ್ವರಯ್ಯ ಬಂದರು. ಶಿರಾದಲ್ಲಿ ಹೊಲಿದ ಅಂಗಿಯ ಮೇಲೆ ಇಂಗ್ಲಿಷ್ ಅಂಕಿ ಯಾಕೆ ಎಂಬುದು ಅವರ ಪ್ರಶ್ನೆ. ಬೇರೆ ದೇಶದವರ ಮುಂದೆ ನಮ್ಮ ಮಾನದ ಪ್ರಶ್ನೆಯೂ ಹೌದು ಅಂದರು. ತಾವೇ ಬಿಳಿ ಲೈನಿಂಗಿನ ಮೇಲೆ ನೀಲಿ ಸೀಮೆಸುಣ್ಣದಿಂದ ಒಂದರಿಂದ ಹದಿನಾರರವರೆಗೆ ದುಂಡಗೆ ಕನ್ನಡ ಅಂಕಿ ಬರೆದರು. ಚೆನ್ನಾಗಿಯೇ ಇದ್ದವು. ನಸ್ರುಲ್ಲಾ ಕತ್ತರಿಸಿ ಹೊಲಿದ. ಥಾಪಾ ಮತ್ತು ಹುಡುಗರು ಆ ಹೊತ್ತಿಗೆ ಹೋಟೆಲಿನಲ್ಲಿ ಮುದ್ದೆ ಹೇಗೆ ನುಂಗುವುದೆಂದು ಕಲಿಯುತ್ತಿದ್ದರು.

ಮೂರು ಗಂಟೆಗೆ ಬಂದು ಜೆರ್ಸಿ ತೊಟ್ಟರೆ, ಆರು ಯಾರು ಒಂಬತ್ತು ಯಾರು ಎಂದು ಹುಡುಗರಿಗೇ ಗೊತ್ತಾಗಲಿಲ್ಲ. ಥಾಪಾ ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದ. ಈ ಅಂಕಿ ರೆಫ್ರಿಗೆ ಓದಲು ಬರೋಲ್ಲ, ಬದಲಿಸದಿದ್ದರೆ ಮೈದಾನಕ್ಕೆ ಇಳಿಸೋಲ್ಲ ಎಂದು ಉತ್ತರ ಬಂತು. ಬದಲಿಸುತ್ತಾ ಕೂತರೆ ಹೊತ್ತಾಗುತ್ತದೆ. ಟೈಲರ್ ಸಾಹೇಬರು ಬಸ್ಸಿನಲ್ಲೇ ಬರಲಿ, ದಾರಿಯಲ್ಲಿ ಹೊಲಿಯಲಿ ಎಂದು ಥಾಪಾ ಕೈಮುಗಿದ. ನಸ್ರುಲ್ಲಾನಿಗೆ ಖುಷಿಯೇ ಆಯಿತು. ಹೇಗೂ ಇಬ್ಬರೂ ಹೊರಟವರೇ. ಶಾಹಜಾದಿ ಹಬ್ಬದ ಸೀರೆಯುಟ್ಟು, ಬುರ್ಖಾ ತೊಟ್ಟು, ಚಿತ್ರಾನ್ನದ ಡಬ್ಬಿ ಹಿಡಿದು ಆಗಲೇ ಬಸ್ಸಿನ ಮೆಟ್ಟಿಲ ಹತ್ತಿರ ನಿಂತಿದ್ದಳು.

ಆಗ ಇನ್ನೊಂದು ಫೋನು ಬಂತು. ನೇಪಾಳದ ಗಲಾಟೆಯ ಬಿಸಿ ಸ್ಟೇಡಿಯಂ ಬಾಗಿಲಿಗೂ ಬಂದು, ಯಾರೋ ಘೋಷಣೆ ಕೂಗುತ್ತಿದ್ದರಂತೆ. ಪೊಲೀಸರು ಪ್ರೇಕ್ಷಕರೇ ಬೇಡ ಅಂದಿದ್ದರು. ಪಾಸು ನಡೆಯೋಲ್ಲ, ತಂಡದವರಿಗೆ ಮಾತ್ರ ಪ್ರವೇಶ. ಟೈಲರ್ ತಂಡದವನು. ಟೈಲರ್ ಹೆಂಡತಿ ಅಲ್ಲ.

ನಸ್ರುಲ್ಲಾನಿಗೆ ಹೆಂಡತಿಯ ಮುಖ ನೋಡಲಾಗಲಿಲ್ಲ. ಜೀವನದಲ್ಲಿ ಮೊದಲ ಸಲ, ನನ್ನ ಕೈಲಿ ಆಗಲ್ಲ, ನಾನು ಹೋಗಲ್ಲ ಅಂದ.

"ಹೋಗ್ರೀ. ಮಕ್ಕಳು ಬರೀ ಮೈಯಲ್ಲಿ ಆಡಕ್ಕಾಗತ್ತಾ?" ಶಾಹಜಾದಿ ಚಿತ್ರಾನ್ನದ ಡಬ್ಬಿ ಅವನ ಕೈಗಿಟ್ಟಳು. "ನನ್ನ ಬದಲು ಒಂದು ಗೋಲಾದ್ರೂ ಕಣ್ತುಂಬ ನೋಡ್ಕೊಂಡು ಬನ್ನಿ. ಬಂದು ಹೇಳಿ."

ಸಂಜೆ ಅವಳ ಮನೆಯ ಟಿವಿ ಮುಂದೆ ಇಡೀ ಬೀದಿ ಸೇರಿತ್ತು. ನಂದೀಶ್ವರಯ್ಯ ತಪ್ಪಿತಸ್ಥರಂತೆ ಬಾಗಿಲ ಪಕ್ಕ ಕೂತಿದ್ದರು. ಖಾಲಿ ಸ್ಟೇಡಿಯಂನ ಗೆರೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಬದಲಿ ಆಟಗಾರರ ಜೆರ್ಸಿಗೆ ತಲೆ ಬಗ್ಗಿಸಿ ಅಂಕಿ ಹೊಲಿಯುತ್ತಿದ್ದ ನಸ್ರುಲ್ಲಾ ಆಗಾಗ ಕಾಣುತ್ತಿದ್ದ. ಎಂಬತ್ತೆಂಟನೇ ನಿಮಿಷದವರೆಗೆ ಗೋಲಿಲ್ಲ. ಆಗ ಚೆಂಡು ಗೆರೆ ದಾಟಿ ಉರುಳಿ ಬಂದು ನಸ್ರುಲ್ಲಾನ ಗುಂಡಿ ಡಬ್ಬಿಯನ್ನು ಬೀಳಿಸಿತು. ಅವನು ತಲೆಯೆತ್ತದೆ, ಬೀದಿ ನಾಯಿಯನ್ನು ಓಡಿಸುವವನಂತೆ ಕಾಲಲ್ಲಿ ಅದನ್ನು ಅತ್ತ ನೂಕಿ, ಗುಂಡಿ ಆರಿಸಲು ಬಗ್ಗಿದ. ಚೆಂಡು ನೇರ, ಎಸೆಯಲು ಬಂದಿದ್ದ ಮಾಲ್ಡೀವ್ಸ್ ಹುಡುಗನ ಕೈ ಸೇರಿತು. ನೇಪಾಳದವರು ಇತ್ತ ತಿರುಗುವಷ್ಟರಲ್ಲಿ ಅವನು ಒಳಗೆಸೆದ, ಇನ್ನೊಬ್ಬ ಗೋಲು ಹೊಡೆದ. ಟಿವಿಯವರು ಅದನ್ನು ನಸ್ರುಲ್ಲಾನ ಕಾಲಿನಿಂದ ಶುರುಮಾಡಿ ಮೂರು ಸಲ ತೋರಿಸಿದರು.

ಮ್ಯಾಚು ಮುಗಿದು ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು. ಮ್ಯಾಚು ಬಹಳ ಚೆನ್ನಾಗಿತ್ತು ಅಂದ. ದನಿ ಮಾತ್ರ ಸಣ್ಣಗಿತ್ತು.

"ಗೋಲ್ ನೋಡಿದ್ರಾ?" ಎಂದು ಶಾಹಜಾದಿ ಕೇಳಿದಳು.

"ಗೋಲ್ ಆಯ್ತಾ?"

ಅವಳು ಟಿವಿ ಆರಿಸಿದಳು.

"ನಂಗೆ ಪಾಸ್ ಕೊಡಿಸ್ತೀನಿ ಅಂತ ಹೋಗಿ, ಮಾಲ್ಡೀವ್ಸ್ ಹುಡುಗಂಗೆ ಪಾಸ್ ಕೊಟ್ರಲ್ಲ."

ಅವನಿಗೆ ಅರ್ಥವಾಗಲಿಲ್ಲ. ಯಾಕೋ ಥಾಪಾ ಮುಖ ತಿರುಗಿಸಿಕೊಂಡಿದ್ದಾನೆ, ಕಾರಲ್ಲಿ ಕಳಿಸ್ತೀನಿ ಅಂದಿದ್ದವನು ಬಸ್ ಹತ್ತಿ ಹೋಟೆಲಿಗೆ ಹೊರಟೇಬಿಟ್ಟ, ಚಿತ್ರಾನ್ನವೂ ಆ ಬಸ್ಸಿನಲ್ಲೇ ಹೋಯಿತು ಎಂದು ತೋಡಿಕೊಂಡ. ಈಗ ಶಿರಾಕ್ಕೆ ಹೇಗೆ ಬರೋದು, ನೀನೇ ಹೇಳು ಅಂದ.

"ಹೋ ಜಾಯೇಗಾ," ಅಂದು ಶಾಹಜಾದಿ ಫೋನಿಟ್ಟಳು.