ಓಡಿಹೋಗುವ ಹುಡುಗನ ಪಾರ್ಟು

ಎಲ್ಲದಕ್ಕೂ ಕಾರಣ ಒಂದು ತಗಡಿನ ಪೆಟ್ಟಿಗೆ. ಅದು ಬಚ್ಚಪ್ಪನದಲ್ಲ, ಆ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬಂದಿಳಿದಿದ್ದ ಸಿನಿಮಾ ಕಂಪನಿಯದು.

"ಮನೆ ಬಿಟ್ಟು ಓಡಿಹೋಗೋ ಹುಡುಗನ ಪಾರ್ಟು. ಪೆಟ್ಟಿಗೆ ಹಿಡಿದು ಓಡಬೇಕು, ಹೊರಡೋ ರೈಲು ಹತ್ತಬೇಕು. ಮಾಡ್ತೀಯಾ?" ಎಂದು ಡೈರೆಕ್ಟರು ಕೇಳಿದಾಗ ಬಚ್ಚಪ್ಪನಿಗೆ ನಗು ಬಂತು. ಹದಿನೇಳು ವರ್ಷದ ಅವನು ಎಸ್ಸೆಸ್ಸೆಲ್ಸಿ ಫೇಲಾಗಿದ್ದ. ಸೋಮವಾರದಿಂದ ಮಾವನ ಜೊತೆ ಚಿನ್ನದ ಗಣಿಗೆ ಇಳಿಯಬೇಕಿತ್ತು. ಪ್ರತಿ ಸಂಜೆ ಮದ್ರಾಸ್ ಮೇಲ್ ರೈಲು ಹೋದಮೇಲೂ ಹಳಿಯ ಮೇಲೆ ಕೈಯಿಟ್ಟು, ಅದರ ನಡುಕ ನಿಲ್ಲುವತನಕ ಕೂತಿರುತ್ತಿದ್ದ. ಇವತ್ತು ಹತ್ತಿದರೆ ಇಳಿಯುವುದೇ ಇಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ.

ಮಧ್ಯಾಹ್ನದ ರೈಲು ಕದಲಿತು. ಕ್ಯಾಮೆರಾ ತಿರುಗಿತು. ಬಚ್ಚಪ್ಪ ಪೆಟ್ಟಿಗೆ ಹಿಡಿದು ಓಡಿ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ, ಕ್ಯಾಸಂಬಳ್ಳಿಗೆ ಹೋಗಿ ಸ್ಟೇಷನ್ನು ದಾಟಿ ಬರುತ್ತಿದ್ದ ಪಕ್ಕದ ಮನೆಯ ಅಮ್ಮಾಜಮ್ಮ ಅವನನ್ನು ಕಂಡಳು.

"ಅಯ್ಯಯ್ಯೋ, ಇಡ್ಕೊಳ್ರಪ್ಪೋ! ಮುನಿನಾರಾಯಣಮ್ಮನ ಮಗ ಓಡೋಗ್ತಾವ್ನೆ!" ಎಂದವಳೇ ಹುಂಜ ಹಿಡಿಯುವಂತೆ ಅವನ ಕಾಲರು ಹಿಡಿದೆಳೆದಳು.

"ಬಿಡತ್ತೆ, ಇದು ಸಿನಿಮಾ!"

"ಯಾವ ಸಿನಿಮಾನೋ! ನೀನು ಓಗ್ಬಿಟ್ರೆ ನಿಮ್ಮಮ್ಮ ಮುದ್ದೆ ಇಟ್ಕೊಂಡು ಯಾರ ದಾರಿ ನೋಡ್ಬೇಕ್ಲಾ?" ಎಂದು ಕುಸಿದು ಕೂತು ಗೋಳೋ ಎಂದು ಅತ್ತಳು.

ರೈಲು ಹೊರಟೇಹೋಯಿತು. ಡೈರೆಕ್ಟರು ಕಣ್ಣೊರೆಸಿಕೊಳ್ಳುತ್ತಾ ಓಡಿಬಂದರು. "ತಾಯಿ ಅಂದ್ರೆ ಇವರು! ತಾಯಿ ಪಾರ್ಟಿಗೆ ಮೂರು ತಿಂಗಳಿಂದ ಹುಡುಕ್ತಿದ್ದೆ. ಇವತ್ತೇ ಮದ್ರಾಸಿಗೆ ಬರ್ತೀರೇನಮ್ಮ?"

"ನಾನು, ಸಾರ್?" ಎಂದ ಬಚ್ಚಪ್ಪ.

"ಹೀರೋ ಮದ್ರಾಸಲ್ಲೇ ಇದ್ದಾನಪ್ಪ. ನಮಗೆ ಬೇಕಾಗಿದ್ದು ನಿನ್ನ ಬೆನ್ನು ಮಾತ್ರ."

ಗಂಡ ಸತ್ತ ಇಪ್ಪತ್ತು ವರ್ಷದಲ್ಲಿ ಅಮ್ಮಾಜಮ್ಮನನ್ನು ಎಲ್ಲಿಗಾದರೂ ಬಾ ಎಂದು ಯಾರೂ ಕರೆದಿರಲಿಲ್ಲ. ಮೂಗೊರೆಸಿಕೊಂಡು, ಎಳೆ ಹುಡುಗಿಯಂತೆ ನಾಚಿದಳು. "ನಾನು ಸಮುದ್ರಾನೇ ನೋಡಿಲ್ಲ ಸ್ವಾಮಿ... ಆದ್ರೆ ನನ್ನ ಎಮ್ಮೆಗಳು?"

ಪ್ಲಾಟ್‌ಫಾರಮ್ಮಿನಲ್ಲಿದ್ದವರೆಲ್ಲ ಬಚ್ಚಪ್ಪನ ಕಡೆ ನೋಡಿದರು.

ಸಂಜೆಯ ಮದ್ರಾಸ್ ಮೇಲ್ ಹೊರಟಾಗ ಕಿಟಕಿಯಿಂದ ಅಮ್ಮಾಜಮ್ಮ ಕೂಗಿದಳು: "ಕೊಂಬು ಮುರಿದಿರೋದು ಒದೀತದೆ ಕಣ್ಲಾ, ಉಷಾರು!"

ಬಚ್ಚಪ್ಪ ಪ್ಲಾಟ್‌ಫಾರಮ್ಮಿನ ಕೊನೆಯವರೆಗೂ ಓಡಿದ. "ಸಮುದ್ರ ಎಂಗೈತೆ ಅಂತ ಬಂದು ಯೋಳತ್ತೆ!"

ರೈಲಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ.

"ಎರಡೊತ್ತೂ ಇಂಡಿ ತಿನ್ಸು!" ಎಂದು ದೂರದಿಂದ ಉತ್ತರ ಬಂತು.